ಕೊಟ್ಟವರ ಹೆಸರು

ಗುರುಸಿದ್ದನಿಗೆ ಎರಡನೆಯ ಡಿಸ್ಕ್ ಇರಲಿಲ್ಲ.

ಇದ್ದದ್ದು ಒಂದೇ, ಎಸೆದಾಡುವ ನೀಲಿ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಮಂಚದ ಮೇಲಿಟ್ಟು, ಭಾನುವಾರದ ಮಧ್ಯಾಹ್ನ ಮಂಚದ ಕೆಳಗೆ ತೂರಿ ಇನ್ನೊಂದನ್ನು ಹುಡುಕುತ್ತಿದ್ದ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಸಿಕ್ಕಿತು. ಒಂಟಿ ಕಾಲುಚೀಲ ಸಿಕ್ಕಿತು. ಡಿಸ್ಕ್ ಸಿಗುವುದಿಲ್ಲವೆಂಬುದು ಬಗ್ಗುವ ಮೊದಲೇ ಗೊತ್ತಿತ್ತು. ಹನ್ನೆರಡು ತರಿಸಿದ್ದ, ಹನ್ನೊಂದನ್ನು ತನ್ನ ಕೈಯಾರೆ ಎಸೆದು ಕಳೆದಿದ್ದ. ಗೊತ್ತಿದ್ದೂ ಹುಡುಕುವುದು ರಾಜ್ಯಶಾಸ್ತ್ರ ಕಲಿಸುವವನಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ಐದಕ್ಕೆ ಅಕ್ಷತಾ ಅವನ ಜೊತೆ ಆಡಲು ಗುಡ್ಡಕ್ಕೆ ಬರುವವಳಿದ್ದಳು.

ಅಕ್ಷತಾ ಮುಧೋಳದವಳು. ಈ ವರ್ಷ ಜಮಖಂಡಿಯ ಅವನ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ಬಂದು ಊರಲ್ಲೇ ರೂಮು ಮಾಡಿಕೊಂಡಿದ್ದಳು. ಸ್ಟಾಫ್ ರೂಮಿನಲ್ಲಿ ಅವನ ಆಟದ ಬಗ್ಗೆ ನಗದೆ ಕೇಳಿದವಳು ಅವಳೊಬ್ಬಳೇ. ನಗದಿದ್ದದ್ದು ಗೌರವದಿಂದಲೋ ಹೊಸಬಳೆಂಬ ಸಂಕೋಚದಿಂದಲೋ ಎಂದು ಅವನು ಬಹಳ ಯೋಚಿಸಿದ್ದ. ಶುಕ್ರವಾರ ಅವಳಾಗಿಯೇ ಬಂದು ಹೇಳಿದಳು.

“ಒಂದ ಸಲ ಬರತೇನ್ರಿ ಸರ. ಛಲೋ ಅನಿಸಲಿಲ್ಲಂದ್ರ ಮತ್ತ ಕರೀಬಾರದು. ನಡೀತೈತೇನ್ರಿ?”

ನಡೆಯುತ್ತದೆ ಎಂದಿದ್ದ. ಮರುದಿನವಿಡೀ ಪಾಠ ಮಾಡುವಾಗ ಕೈ ತಾನಾಗಿ ಡಿಸ್ಕ್ ಎಸೆಯುವ ಭಂಗಿಗೆ ಬರುತ್ತಿತ್ತು. ಹಿಂದಿನ ಬೆಂಚಿನವರು ಅದನ್ನು ಆಗಲೇ ಅಣಕಿಸಲು ಕಲಿತಿದ್ದರು.

ಒಂದೇ ಡಿಸ್ಕಿನಲ್ಲಿ ಇಬ್ಬರು ಆಡಬಹುದಿತ್ತು. ಆದರೆ ಆಗ ಒಬ್ಬರು ಎಸೆಯುವುದು, ಇನ್ನೊಬ್ಬರು ನೋಡುವುದು. ನೋಡುವವರು ಅವನಿಗೆ ಬೇಕಿರಲಿಲ್ಲ. ಅಂಥವರು ಸ್ಟಾಫ್ ರೂಮಿನಲ್ಲಿ ಸಾಕಷ್ಟಿದ್ದರು.

ಈ ಡಿಸ್ಕ್ ಗಾಲ್ಫ್ ಎಂಬುದು ಅವನಿಗೆ ಅಂಟಿದ್ದು ಮೂರು ವರ್ಷದ ಹಿಂದೆ, ಒಂದು ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೆ ತರಬೇತಿಗೆ ಹೋದಾಗ. ಊಟದ ತಾಟಿನಷ್ಟಗಲದ, ಅದಕ್ಕಿಂತ ಗಟ್ಟಿಯಾದ ಪ್ಲಾಸ್ಟಿಕ್ ಬಿಲ್ಲೆಯನ್ನು ದೂರದಿಂದ ಎಸೆದು, ಕಂಬಕ್ಕೆ ಸಿಕ್ಕಿಸಿದ ಕಬ್ಬಿಣದ ಬುಟ್ಟಿಯೊಳಗೆ ಬೀಳಿಸಬೇಕು. ಬಿದ್ದ ಮೇಲೆ ಎತ್ತಿಕೊಂಡು ಮುಂದಿನ ಬುಟ್ಟಿಗೆ. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಆಡುವವರೆಲ್ಲ ಬಿಲ್ಲೆಯ ಒಳಬದಿಗೆ ತಮ್ಮ ಹೆಸರು, ಫೋನ್ ನಂಬರ್ ಬರೆದುಕೊಂಡಿರುತ್ತಿದ್ದರು. ಎಲ್ಲೋ ಪೊದೆಯಲ್ಲಿ ಸಿಕ್ಕರೆ ಸಿಕ್ಕವನು ಫೋನ್ ಮಾಡಬೇಕು, ಒಯ್ದು ಕೊಡಬೇಕು, ಬದಲಿಗೆ ಏನೂ ಕೇಳಬಾರದು. ಇದು ಯಾರೂ ಹೇರದ ಕಟ್ಟಳೆ. ಅವನು ಕಳೆದುಕೊಂಡ ಡಿಸ್ಕಿಗೂ ಒಂದು ಸಂಜೆ ಯಾರೋ ಅಪರಿಚಿತ ಫೋನ್ ಮಾಡಿದ. ಹಾಸ್ಟೆಲಿನ ಗೇಟಿನ ತನಕ ತಂದುಕೊಟ್ಟು, ಚಹಾ ಬೇಡವೆಂದು ಹೋದ. ಗುರುಸಿದ್ದನಿಗೆ ಅವತ್ತು ಊಟ ಸೇರಲಿಲ್ಲ. ತನ್ನ ಹೆಸರನ್ನು ಯಾರೋ ಓದಿ, ಅದು ತನ್ನದೆಂದು ಒಪ್ಪಿಕೊಂಡು, ತನ್ನನ್ನೇ ಹುಡುಕಿಕೊಂಡು ಬಂದದ್ದು ಅವನ ಬದುಕಿನಲ್ಲಿ ಅದೇ ಮೊದಲು.

ಊರಿಗೆ ಮರಳಿದವನು ಒಂದು ಡಜನ್ ತರಿಸಿದ. ಒಂದೊಂದರ ಒಳಬದಿಗೂ ಅಳಿಸದ ಮಾರ್ಕರಿನಲ್ಲಿ ದಪ್ಪಗೆ ಹೆಸರು ಬರೆದ, ಕೆಳಗೆ ನಂಬರ್ ಬರೆದ. ಹುನ್ನೂರ ದಾರಿಯ ಬೋಳು ಗುಡ್ಡದ ಮೇಲೆ ನಾಲ್ಕು ಕಡೆ ಕಬ್ಬಿಣದ ಬುಟ್ಟಿ ನೆಡಿಸಿದ. ಕಾಲೇಜಿನ ನೋಟೀಸ್ ಬೋರ್ಡಿಗೆ ನಿಯಮಗಳನ್ನು ಟೈಪ್ ಮಾಡಿ ಅಂಟಿಸಿದ. ‘ಸಿಕ್ಕ ಡಿಸ್ಕನ್ನು ಮಾಲಕನಿಗೆ ತಲುಪಿಸುವುದು ಸುಸಂಸ್ಕೃತ ಆಟಗಾರನ ಲಕ್ಷಣ’ ಎಂಬುದು ಅದರ ಕೊನೆಯ ಸಾಲು. ಆಟಗಾರನೇ ಇಲ್ಲದ ಊರಿನಲ್ಲಿ ಆಟಗಾರನ ಲಕ್ಷಣ. ದೈಹಿಕ ಶಿಕ್ಷಣದ ಗಿರಿಮಲ್ಲಪ್ಪ ಅದನ್ನು ನಿಂತು ಪೂರ್ತಿ ಓದಿ, ಎಲ್ಲರಿಗೂ ಕೇಳಿಸುವಂತೆ, ತಾಟು ಒಗೆಯುವುದಕ್ಕೆ ಟಿಎ ಡಿಎ ಬರುತ್ತದೆಯೇ ಎಂದು ವಿಚಾರಿಸಿದ್ದ.

ಬರಲಿಲ್ಲ. ಆಡುವವರೂ ಬರಲಿಲ್ಲ. ಗುರುಸಿದ್ದ ಒಬ್ಬನೇ ಆಡಿದ, ಒಬ್ಬನೇ ಗೆದ್ದ. ಗುಡ್ಡದ ಗಾಳಿಗೆ ಡಿಸ್ಕುಗಳು ಒಂದೊಂದಾಗಿ ಅಂಚು ದಾಟಿ ಕೆಳಗಿನ ಕಬ್ಬಿನೊಳಗೆ ಬಿದ್ದವು. ಹುಡುಕಲು ಅವನು ಇಳಿಯಲಿಲ್ಲ. ಹೆಸರಿದೆ, ನಂಬರಿದೆ, ಸಿಕ್ಕವರು ಫೋನ್ ಮಾಡುತ್ತಾರೆ. ಕೊನೆಕೊನೆಗೆ ತಾನು ಬುಟ್ಟಿಯ ಕಡೆಗಿಂತ ಕಬ್ಬಿನ ಕಡೆಗೇ ಗುರಿಯಿಡುತ್ತಿದ್ದೇನೆಯೇ ಎಂಬ ಅನುಮಾನ ಬಂದಿತ್ತು. ತಪ್ಪನ್ನು ಗಾಳಿಯ ಮೇಲೆ ಹಾಕಿ ಸುಮ್ಮನಾದ.

ಫೋನುಗಳು ಬರುತ್ತಿದ್ದವು. ಸಾಲ ಬೇಕೇ ಎಂದು ಬ್ಯಾಂಕಿನವರು. ಹೆಣ್ಣು ನೋಡಲು ಯಾವಾಗ ಬರುತ್ತೀ ಎಂದು ರಬಕವಿಯಿಂದ ಅಣ್ಣ ಚನಮಲ್ಲಪ್ಪ. ಒಮ್ಮೆ ಯಾರೋ ನಳದಲ್ಲಿ ನೀರು ಬಂದು ವಾರವಾಯಿತು ಎಂದು ಗೊಣಗಿದ. ಇನ್ನೊಮ್ಮೆ ಯಾರೋ ಮುದುಕಿ ಪಿಂಚಣಿ ನಿಂತಿದೆ ಎಂದಳು. ರಾಂಗ್ ನಂಬರ್ ಎಂದು ಅವನು ಇಬ್ಬರಿಗೂ ಸೌಜನ್ಯದಿಂದ ಹೇಳಿದ್ದ. ಡಿಸ್ಕಿನ ಮಾತೆತ್ತಿ ಒಬ್ಬರೂ ಫೋನ್ ಮಾಡಲಿಲ್ಲ.

ಮಂಚದ ಕೆಳಗಿನಿಂದ ಎದ್ದು ಅವನು ಮೊಣಕಾಲು ಕೊಡವಿಕೊಂಡ. ಒಂದನ್ನಾದರೂ ವಸೂಲು ಮಾಡಲೇಬೇಕು. ನೀಲಿಯದನ್ನು ಕೈಚೀಲಕ್ಕೆ ಹಾಕಿ ಬೈಕ್ ಹತ್ತಿದ.

ಬೈಕನ್ನು ಗುಡ್ಡದ ಈಚೆ, ರಸ್ತೆಯ ಬದಿಗೆ ನಿಲ್ಲಿಸಿ, ಗುಡ್ಡ ಹತ್ತಿ ಆಚೆ ಇಳಿದ. ಬುಡದಲ್ಲಿ ಹೊಲದಲ್ಲೇ ಮನೆ ಕಟ್ಟಿಕೊಂಡವರ ಒಂದು ವಸ್ತಿ. ಕುರಿ ಇದ್ದವರು, ಕುರಿ ಮಾರಿ ಕಬ್ಬು ಹಾಕಿದವರು. ಮೇಲಿನಿಂದ ಆ ತಗಡುಗಳನ್ನು ಎಷ್ಟೋ ಸಲ ನೋಡಿದ್ದ; ಒಳಗೆ ಕಾಲಿಟ್ಟಿರಲಿಲ್ಲ. ಇಳಿಯುತ್ತ ಒಂದು ಭಾಷಣ ಸಿದ್ಧಪಡಿಸಿದ. ನೋಡಿ, ಇದು ಕಾನೂನಿನ ಪ್ರಶ್ನೆಯಲ್ಲ, ನಾಗರಿಕತೆಯ ಪ್ರಶ್ನೆ. ವಸ್ತುವಿನ ಮೇಲೆ ಒಬ್ಬನ ಹೆಸರಿದ್ದರೆ ಅದು ಅವನದು. ಇಷ್ಟು ಸರಳ ವಿಷಯವನ್ನು ನಾವು ಒಪ್ಪದಿದ್ದರೆ ಪ್ರಜಾಪ್ರಭುತ್ವ ಎಲ್ಲಿಂದ ಬರಬೇಕು? ‘ಪ್ರಜಾಪ್ರಭುತ್ವ’ ತುಸು ಹೆಚ್ಚಾಯಿತೆನಿಸಿ ತೆಗೆದುಹಾಕಿದ. ಎರಡು ಹೆಜ್ಜೆ ಇಳಿದು ಮತ್ತೆ ಸೇರಿಸಿದ.

ಮೊದಲನೆಯ ಮನೆಯ ಕಟ್ಟೆಯ ಮೇಲೆಯೇ ಅವನ ಕಿತ್ತಳೆ ಡಿಸ್ಕ್ ಇತ್ತು. ಹಾಲಿನ ಪಾತ್ರೆಯನ್ನು ಮುಚ್ಚಿತ್ತು. ಅಳತೆ ಮಾಡಿಸಿದ ಹಾಗೆ ಕೂತಿತ್ತು. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

ಗುರುಸಿದ್ದನಿಗೆ ಭಾಷಣ ಮರೆತುಹೋಯಿತು. ಗಾಬರಿಯಾದಾಗ ಬರುವ ಪುಸ್ತಕದ ಕನ್ನಡ ಬಂತು. “ಅದು ನನ್ನದು. ಅದರ ಮೇಲೆ ನನ್ನ ಹೆಸರಿದೆ.”

ಹೆಂಗಸು ಅವನನ್ನು ನೋಡಿದಳು, ಮುಚ್ಚಳವನ್ನು ನೋಡಿದಳು. ಮೊರ ಕೆಳಗಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಗುರುಸಿದ್ದಪ್ಪನವರು ನೀವ ಏನ್ರಿ? ಎಷ್ಟ ದಿವಸಾತು ದಾರಿ ನೋಡಾಕತ್ತು. ಬರ್ರಿ, ಮ್ಯಾಲ ಬರ್ರಿ.” ನಂತರ ಹಿತ್ತಲ ಕಡೆ ತಿರುಗಿ ದನಿ ಎತ್ತಿದಳು. “ಭಾವಾರ, ತಾಟಿನವರು ಬಂದಾರ ನೋಡ್ರಿ.”

ಅವಳು ಪದ್ಮವ್ವ. ಹಿತ್ತಲಿನಿಂದ ಬಂದ ಜಕ್ಕಪ್ಪ ಅವಳ ಗಂಡನ ಅಣ್ಣ, ವಸ್ತಿಗೆ ಹಿರಿಯ. ತಲೆಯ ಪಟಕ ಸರಿಮಾಡಿಕೊಂಡು ಕೈಮುಗಿದು, ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿದ. ಕಂಬಳಿಯ ಮೇಲೆ ಕೂರದೆ ಬೇರೆ ದಾರಿ ಇರಲಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಬಂದು ಸುತ್ತ ನಿಂತರು. ಒಬ್ಬೊಬ್ಬರ ಕೈಯಲ್ಲೂ ಅವನ ಡಿಸ್ಕ್ ಇತ್ತು. ಹಳದಿಯದರಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದರು. ಕೆಂಪಿನದರಲ್ಲಿ ಶೇಂಗಾ ಚಟ್ನಿ ಇನ್ನೂ ಅಂಟಿತ್ತು. ಅವನು ಕಳೆದುಕೊಂಡ ಭಾನುವಾರಗಳೆಲ್ಲ ಬಣ್ಣಬಣ್ಣವಾಗಿ ಎದುರಿಗೆ ನಿಂತಿದ್ದವು. ಬಂದವರು ಸಾಕ್ಷಿ ಹೇಳುವವರ ಹಾಗೆ ಅವನ್ನು ಎತ್ತಿ ತೋರಿಸಿದರು. ಕಳ್ಳರು ಹೀಗೆ ತೋರಿಸುವುದಿಲ್ಲ ಎಂದು ಅವನಿಗೆ ಹೊಳೆಯಿತು. ಮುಂದಿನದು ಹೊಳೆಯಲಿಲ್ಲ.

ಹೊಳೆಸಿದವಳು ಪದ್ಮವ್ವ. ಅವನು ಮತ್ತೊಮ್ಮೆ ಹೆಸರಿನ ಮಾತೆತ್ತಿದಾಗ, ಹೆಸರು ಓದಿಯೇ ಇಟ್ಟುಕೊಂಡಿದ್ದೇವೆ, ಯಾರು ಕೊಟ್ಟದ್ದೆಂದು ಮರೆಯುವವರಲ್ಲ ನಾವು ಎಂದಳು. ಒಳಗೆ ಹೋಗಿ ಗೋಡೆಯ ಮಾಡದಿಂದ ಒಂದು ಚರಿಗೆ, ಒಂದು ಅಗಲದ ಪರಾತ ತಂದಿಟ್ಟಳು. ಚರಿಗೆಯ ಕೊರಳಿಗೆ ಚುಕ್ಕಿ ಚುಕ್ಕಿಯಾಗಿ ಅವಳ ಸೋದರಮಾವನ ಹೆಸರು, ಮದುವೆಯಲ್ಲಿ ಕೊಟ್ಟ ಆಯೇರಿ. ಪರಾತದ ಮೇಲೆ ಬೀಳಗಿಯ ಬೀಗರ ಹೆಸರು, ಮಗನ ಜವಳಕ್ಕೆ ಕೊಟ್ಟದ್ದು. ಹೋದ ಚುನಾವಣೆಯಲ್ಲಿ ಬಂದ ಕುಕ್ಕರಿನ ಮೇಲೆ ಹೆಸರಿನ ಜೊತೆ ಫೋನ್ ನಂಬರೂ ಇತ್ತು, ಈ ತಾಟುಗಳ ಮೇಲೆ ಇದ್ದ ಹಾಗೆಯೇ.

ಕಳೆದರೆ ಗುರುತಿರಲೆಂದು ತನ್ನ ವಸ್ತುವಿನ ಮೇಲೆ ತನ್ನದೇ ಹೆಸರು ಬರೆಯುವವರೂ ಇರುತ್ತಾರಲ್ಲ ಎಂದು ಅವನು ಮೆಲ್ಲಗೆ ಕೇಳಿದ.

“ನಮ್ಮ ತಾಟಿನ ಮ್ಯಾಲ ನಮ್ಮ ಹೆಸರು ನಾವ ಯಾಕ ಹಾಕಿಸ್ಕೊಳ್ಳೂಣ್ರಿ?” ಪದ್ಮವ್ವ ನಿಜವಾಗಿಯೂ ತಿಳಿಯದೆ ಕೇಳಿದಳು. “ನಮ್ಮದು ಅಂತ ನಮಗ ಗೊತ್ತಿರಂಗಿಲ್ಲೇನು?”

ಗುರುಸಿದ್ದನಿಗೆ ರಬಕವಿಯ ಮನೆಯ ಅಡಿಗೆಕೋಣೆ ನೆನಪಾಯಿತು. ಹದಿನೆಂಟು ವರ್ಷ ಅವನು ಉಂಡ ತಾಟಿನ ಮೇಲೆ ಯಾರೋ ಗಂಗಾಂಬಿಕಾ ಎಂಬುವರ ಹೆಸರಿತ್ತು. ಒಂದು ದಿನವೂ ಅದು ಗಂಗಾಂಬಿಕಾರ ತಾಟು, ಒಯ್ದು ಕೊಡಬೇಕು ಎಂದು ಅವನಿಗೆ ಅನಿಸಿರಲಿಲ್ಲ. ಇದೆಲ್ಲ ಗೊತ್ತಿದ್ದದ್ದೇ. ಒಂದು ತರಬೇತಿಯಲ್ಲಿ ಮರೆತುಬಂದಿದ್ದ, ಅಷ್ಟೆ.

ಆಮೇಲಿನದನ್ನು ಜಕ್ಕಪ್ಪ ವಿವರಿಸಿದ. ವಿವರಿಸುವಾಗ ದನಿ ತಗ್ಗಿಸಿದ. ಜಿಲ್ಲಾ ಪಂಚಾಯ್ತಿ ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎಲ್ಲರೂ ಕಾದಿದ್ದಾರೆ. ನಿಲ್ಲುವವರಲ್ಲಿ ಉಳಿದವರು ಗಾಡಿಯಲ್ಲಿ ಪಾತ್ರೆ ತಂದು, ಫೋಟೋ ತೆಗೆಸಿ ಹಂಚುತ್ತಾರೆ, ಅಧಿಕಾರಿಗಳ ಕೈಗೆ ಸಿಕ್ಕು ಒದ್ದಾಡುತ್ತಾರೆ. ಈ ಗುರುಸಿದ್ದಪ್ಪನವರು ಹಾಗಲ್ಲ. ಭಾನುವಾರ ಒಬ್ಬರೇ ಬಂದು, ಗುಡ್ಡದ ಮೇಲೆ ನಿಂತು, ಒಂದೊಂದೇ ಕಬ್ಬಿನೊಳಗೆ ಬೀಸಿ ಹೋಗುತ್ತಾರೆ. ಯಾರು ಯಾರಿಗೆ ಕೊಟ್ಟರೆಂದು ಸಾಬೀತು ಮಾಡಲಿ ನೋಡೋಣ. ಕೆಳಗಿನಿಂದ ತಾವೆಲ್ಲ ನೋಡುತ್ತಿದ್ದದ್ದೇ. ಬೀಸುವ ಕೈಯನ್ನು ನೋಡಿಯೇ ಈ ಮನುಷ್ಯ ದೂರದ ಲೆಕ್ಕದವನು ಎಂದು ತಾನು ಅಂದದ್ದಕ್ಕೆ ಇಡೀ ವಸ್ತಿ ಸಾಕ್ಷಿ.

“ನಳದ ನೀರಿಗೆ ಫೋನ್ ಮಾಡಿದಾಂವ ನಾನರಿ,” ಎಂದ ಜಕ್ಕಪ್ಪನ ಮಗ ಭೀಮಶಿ. “ನೀವು ರಾಂಗ್ ನಂಬರ್ ಅಂದ್ರಿ. ನಾ ತಿಳಕೊಂಡೆ, ಫೋನಿನ್ಯಾಗ ಮಾತಾಡೂದು ಬ್ಯಾಡ ಅನ್ನಾಕತ್ತಾರ ಅಂತ. ಯಾರ ಮುಂದೂ ಬಾಯಿ ಬಿಟ್ಟಿಲ್ಲರಿ.”

ಅವನ ಜಾಣತನಕ್ಕೆ ಎಲ್ಲರೂ ತಲೆದೂಗಿದರು. ಗುರುಸಿದ್ದನ ತಲೆಯೂ ಒಂದಿಷ್ಟು ತೂಗಿತು.

ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ತಾನು ಕಾಲೇಜಿನಲ್ಲಿ ಕಲಿಸುವವನು ಎಂದ. ಹಾಗಾದರೆ ಇನ್ನೂ ಒಳ್ಳೆಯದಾಯಿತು, ಓದಿದವರು ನಿಲ್ಲಬೇಕು ಎಂದರು. ಇದು ಒಂದು ಆಟ ಎಂದ. ಹೇಗೆ ಎಂದು ಕೇಳಿದರು. ಎಸೆಯುವುದು, ನಡೆಯುವುದು, ಎತ್ತುವುದು, ಮತ್ತೆ ಎಸೆಯುವುದು. ತಾನೇ ವಿವರಿಸುತ್ತಿದ್ದ ಆ ಆಟ ವಿವರಿಸಿದಷ್ಟೂ ಸಣ್ಣದಾಗುತ್ತ ಹೋಯಿತು. ಜಕ್ಕಪ್ಪ ಗಂಭೀರವಾಗಿ ಕೇಳಿಸಿಕೊಂಡ.

“ಯಾರ ಜೋಡಿ ಆಡತೀರಿ?”

“ಒಬ್ಬನೇ.”

 ಜಕ್ಕಪ್ಪನ ಮೀಸೆಯ ಕೆಳಗೆ ನಗು ಮೂಡಿತು. ಅದು ಭೀಮಶಿಗೆ, ಹೆಂಗಸರಿಗೆ ಹರಡಿತು. ಅಧಿಕಾರಿ ಕೇಳಿದರೆ ಹೇಳಲು ಎಂಥ ಒಳ್ಳೆಯ ಜವಾಬು. “ಒಬ್ಬನೇ ಆಡತೇನಿ ಅಂತ್ರಿ. ಯಾಂವ ಹಿಡೀತಾನ ನಿಮ್ಮನ್ನ!” ಎಂದ ಜಕ್ಕಪ್ಪ.

ಸ್ಟಾಫ್ ರೂಮಿನ ನಗು ಗುರುಸಿದ್ದನಿಗೆ ಚೆನ್ನಾಗಿ ಗೊತ್ತಿತ್ತು. ಇದು ಅದಲ್ಲ. ಇವರು ಅವನನ್ನು ತಮ್ಮೊಳಗೆ ಕೂರಿಸಿಕೊಂಡು ಬೇರೆ ಯಾರನ್ನೋ ನೋಡಿ ನಗುತ್ತಿದ್ದರು. ಹಾಗೆ ಒಳಗೆ ಕೂತು ನಗುವುದು ಹೇಗಿರುತ್ತದೆಂದು ನೋಡಲು ಅವನೂ ನಕ್ಕ. ಚಹಾ ಬಂತು. ಸಕ್ಕರೆ ಮೂರು ಪಾಲು ಹೆಚ್ಚಿತ್ತು. ಪೂರ್ತಿ ಕುಡಿದ.

“ಯಾವ ಪಾರ್ಟಿರಿ?” ಎಂದು ಭೀಮಶಿ ಕೇಳಿದ.

“ಪಕ್ಷೇತರ,” ಎಂದ ಗುರುಸಿದ್ದ.

ಹೇಳಿದ ಮೇಲೆ ಕೇಳಿಸಿತು. ಒಂಬತ್ತು ವರ್ಷ ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದ. ಬಾಯಿಗೆ ಅದೇ ಬಂತು. ಆದರೆ ಮಾತು ಸುಳ್ಳೂ ಆಗಿರಲಿಲ್ಲ. ಅವನು ಯಾವ ಪಕ್ಷದವನೂ ಅಲ್ಲ, ಯಾರ ಕಡೆಯವನೂ ಅಲ್ಲ. ಇಷ್ಟು ದಿನ ಆ ಸ್ಥಿತಿಗೆ ಇಂಥ ಮರ್ಯಾದಸ್ಥ ಹೆಸರು ಇದೆಯೆಂದು ಹೊಳೆದಿರಲಿಲ್ಲ.

ನಂತರದ ಸ್ವಲ್ಪ ಹೊತ್ತು ಸುಖವಾಗಿ ಕಳೆಯಿತು. ನಳದ ನೀರಿನ ಬಗ್ಗೆ ಕೇಳಿದರು, ನೋಡೋಣ ಎಂದ. ಕಾಲುವೆಯ ಬಗ್ಗೆ ಕೇಳಿದರು. ಅದನ್ನೂ ನೋಡೋಣ ಎಂದ. ನೋಡೋಣ ಎಂಬುದು ಎಷ್ಟು ಹಗುರಾದ ಮಾತು, ಎಷ್ಟು ದೂರ ಹೋಗುತ್ತದೆ. ಯಾವ ಡಿಸ್ಕನ್ನೂ ಅವನು ಅಷ್ಟು ದೂರ ಎಸೆದಿರಲಿಲ್ಲ.

ಕೈಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಎದ್ದು, ಕಿತ್ತಳೆಯದನ್ನು ಒಂದು ತಾಸಿಗೆ ಕೊಡಿ ಎಂದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಗುಡ್ಡದ ಮೇಲಿರಬಹುದು. ಅವನು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿದ. ಆ ಕಿತ್ತಳೆ ತಾಟನ್ನು ಒಂದು ತಾಸು. ಅಷ್ಟರಲ್ಲಿ ಚರಿಗೆಯ ಮೇಲಿನ ಹೆಸರು ಕಣ್ಣಿಗೆ ಬಿತ್ತು. ಸೋದರಮಾವ ಬಂದು, ಅವ್ವಾ, ಮದುವೆಗೆ ಕೊಟ್ಟ ಚರಿಗೆ ಒಂದಿಷ್ಟು ಬೇಕಾಗಿತ್ತು ಎಂದರೆ ಹೇಗಿರುತ್ತದೆ? ಕೊಟ್ಟದ್ದನ್ನು ತಿರುಗಿ ಕೇಳಿದವನ ಕಥೆಯನ್ನು ಈ ಕಡೆಯ ಜನ ಮೂರು ತಲೆಮಾರು ಹೇಳುತ್ತಾರೆ. ಬೇಕಿದ್ದರೆ ಕೊಟ್ಟಾರು. ಕೊಡುವಾಗಿನ ಅವರ ಮುಖವನ್ನು ಅವನು ನೋಡಬೇಕಾದೀತು.

ಇನ್ನೊಂದು ಉಪಾಯವಿತ್ತು. ಚೀಲದಲ್ಲಿ ನೀಲಿಯದು ಇದೆ. ಅದೊಂದನ್ನೇ ಹಿಡಿದು ಹೋಗುವುದು, ಅಕ್ಷತಾಳ ಕೈಗೆ ಕೊಡುವುದು, ತಾನು ಬದಿಗೆ ನಿಂತು ನೋಡುವುದು. ಅವಳು ಎಸೆಯಲಿ. ಒಂದು ಸಲವಾದರೂ ಬೇರೆಯವರು ಎಸೆಯುವುದನ್ನು ತಾನು ನೋಡಿದರೆ ಏನು ಕಡಿಮೆಯಾಗುತ್ತದೆ? ಈ ಯೋಚನೆ ಅವನಿಗೆ ಎಷ್ಟು ಹೊಸದೆನಿಸಿತೆಂದರೆ ತುಸು ಹೆದರಿಕೆಯೇ ಆಯಿತು. ಚೀಲವನ್ನು ಹೆಗಲಿಗೇರಿಸಿ ಎದ್ದು ನಿಂತ.

ಆಗ ಇಂದ್ರವ್ವ ಬಂದಳು. ವಸ್ತಿಯ ಆಚೆ ತುದಿಯ ಒಂಟಿ ಮನೆಯವಳು, ಜಕ್ಕಪ್ಪನಿಗಿಂತ ಹಿರಿಯಳು. ಹಿಂದೆ ಪಕ್ಕೆಲುಬು ಎಣಿಸಬಹುದಾದ ಒಂದು ಉದ್ದ ಮೂತಿಯ ಬೇಟೆನಾಯಿ. ಅವಳು ಕೈಮುಗಿಯಲಿಲ್ಲ. ಅಂಗಳದ ನಡುವೆ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಎಲ್ಲಾರ ಮನಿಗೂ ಕೊಟ್ರಿ. ನಮ್ಮ ಮನಿ ನಿಮ್ಮ ಕಣ್ಣಿಗೆ ಬೀಳಲಿಲ್ಲೇನೋ ಯಪ್ಪಾ? ಪಿಂಚಣಿ ನಿಂತೈತಿ ಅಂತ ಫೋನ್ ಮಾಡಿಸಿದೆ, ಅದನ್ನೂ ಕಟ್ ಮಾಡಿದ್ರಿ.”

ಜಕ್ಕಪ್ಪ ಸಮಾಧಾನ ಹೇಳಿದ. ಇಂದ್ರವ್ವನ ಹೊಲ ಗುಡ್ಡದ ಮರೆಯಲ್ಲಿದೆ, ಅಲ್ಲಿಯ ತನಕ ಬೀಸುವುದು ಮನುಷ್ಯನ ಕೈಯಲ್ಲಾಗುವ ಕೆಲಸವಲ್ಲ, ಸಾಹೇಬರು ಬೇಕೆಂದು ಬಿಟ್ಟದ್ದಲ್ಲ ಎಂದ. ಇಂದ್ರವ್ವ ಕೇಳಲಿಲ್ಲ. ಗಂಡಸಿಲ್ಲದ ಮನೆಯೆಂದು ಬಿಟ್ಟದ್ದೇ ಸರಿ ಎಂದಳು. ಮೊದಲಿನವರೂ ಹೀಗೆಯೇ ಬಿಟ್ಟಿದ್ದರು, ಕುಕ್ಕರ್ ಕೊಟ್ಟವರೂ ಬಿಟ್ಟಿದ್ದರು. ಅವಳ ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವರ ದನಿ ಅದು. ಅಂಗಳದಲ್ಲಿದ್ದವರ ಕಣ್ಣುಗಳೆಲ್ಲ ನಿಧಾನವಾಗಿ ಗುರುಸಿದ್ದನ ಚೀಲದ ಮೇಲೆ ನೆಲೆಸಿದವು. ಚೀಲದೊಳಗಿನ ದುಂಡನೆಯ ಅಂಚು ಹೊರಗೆ ಎದ್ದು ಕಾಣುತ್ತಿತ್ತು.

ಈಗಲೂ ಹೊರಟುಬಿಡಬಹುದಿತ್ತು. ಕಾಲು ಹೊರಡಲಿಲ್ಲ. ಇನ್ನೊಂದು ನಿಮಿಷ ತಡೆದರೆ ಈ ಅಂಗಳವೂ ಸ್ಟಾಫ್ ರೂಮ್ ಆಗಿಬಿಡುತ್ತದೆ ಎಂದು ಅವನಿಗೆ ಅನಿಸಿತು.

ಚೀಲಕ್ಕೆ ಕೈಹಾಕಿ ನೀಲಿಯದನ್ನು ತೆಗೆದ. ಎರಡೂ ಕೈಯಲ್ಲಿ ಹಿಡಿದು, ಎಲ್ಲೋ ನೋಡಿದ ಸಮಾರಂಭಗಳಲ್ಲಿ ಕೊಡುವ ಹಾಗೆ ಕೊಟ್ಟ. “ನಿಮ್ಮದಂತ ಬ್ಯಾರೆ ತಗದಿಟ್ಟಿದ್ದೆ ಅಜ್ಜಿ,” ಎಂದ. ಇಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ಸ್ವಚ್ಛ ಸುಳ್ಳು ಅದು. ಭಾಷೆಯೂ ಊರಿನದೇ ಆಗಿ ಬಂತು.

ಇಂದ್ರವ್ವ ಒಳಬದಿ ತಿರುಗಿಸಿ ನೋಡಿದಳು. ಹೆಸರಿದೆ ಎಂಬುದನ್ನು ಖಾತ್ರಿ ಮಾಡಿಕೊಂಡಳು. ಜಕ್ಕಪ್ಪ ಒಳಗಿನಿಂದ ಭಂಡಾರದ ಬಟ್ಟಲು ತಂದು, ಬೀರದೇವರ ಹೆಸರು ಹೇಳಿ, ಗುರುಸಿದ್ದನ ಹಣೆಗೆ ಅಂಗೈ ಅಗಲ ಅರಿಶಿನ ಬಳಿದ. ಪುಡಿ ಹುಬ್ಬಿನ ಮೇಲಿಂದ ಕಣ್ಣಿಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಫೋನ್ ಬಂತು.

“ಸರ, ನಾ ಮ್ಯಾಲ ಬಂದೇನ್ರಿ. ನೀವೆಲ್ಲದೀರಿ?”

ತಲೆ ಎತ್ತಿದ. ಗುಡ್ಡದ ನೆತ್ತಿಯ ಮೇಲೆ, ಬುಟ್ಟಿಯ ಕಂಬದ ಪಕ್ಕ, ಹಸಿರು ದುಪಟ್ಟಾದ ಒಂದು ಸಣ್ಣ ಆಕೃತಿ ನಿಂತಿತ್ತು. ಒಂದು ಕೈ ಕಿವಿಯ ಹತ್ತಿರ. ಅವಳಿಗೆ ವಸ್ತಿ ಕಂಡೀತು. ವಸ್ತಿಯೊಳಗಿನ ಒಬ್ಬ ಅವಳಿಗೆ ಗುರುತು ಸಿಗಲಾರ.

“ಸ್ವಲ್ಪ ಕೆಲಸ ಬಂತ್ರಿ,” ಎಂದ. “ಮಂದ್ಯಾಗ ಅದೇನಿ.”

“ಗಾಡಿ ಇಲ್ಲೆ ರೋಡಿಗೆ ನಿಂತೈತಲ್ರಿ?”

“ಹೌದ್ರಿ. ಗಾಡಿ ಅಲ್ಲೆ ಐತಿ.”

ಗಾಳಿಯ ಸದ್ದು ಕೇಳಿಸಿತು. ಮೇಲಿನ ಗಾಳಿ, ಅವಳ ಫೋನಿನದು. ಕೆಳಗೆ ಒಂದೆಲೆಯೂ ಅಲುಗುತ್ತಿರಲಿಲ್ಲ.

“ಇನ್ನೊಂದ ದಿನ ಆಡೂಣ್ರಿ,” ಎಂದ.

“ಇನ್ನೊಂದ ದಿನ ಅಂತ ನಾ ಹೇಳಿದ್ದಿಲ್ಲರಿ ಸರ. ಒಂದ ಸಲ ಅಂದಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದಕ್ಕೊಂದು ಉತ್ತರ ಹುಡುಕಬಹುದಿತ್ತು. “ಇರಲಿ ಬಿಡ್ರಿ. ನೀವು ನಿಮ್ಮ ಮಂದೀನ್ನ ನೋಡ್ಕೋರಿ.”

ಫೋನ್ ನಿಂತಿತು. ಪಾರ್ಟಿಯವರೇನ್ರಿ ಎಂದು ಜಕ್ಕಪ್ಪ ಕೇಳಿದ. ಹೌದು ಎಂದ.

ಆಕೃತಿ ಇನ್ನೂ ಅಲ್ಲೇ ಇತ್ತು. ಗುರುಸಿದ್ದ ಕಿತ್ತಳೆ ಮುಚ್ಚಳದ ಕಡೆಗೆ ನೋಡಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೈ ಚಾಚಿಯೂ ಚಾಚಿದ. ಬೆರಳು ಅಂಚಿಗೆ ತಗುಲಿತು. ಅದೇ ನಯ, ಅದೇ ತೂಕ.

“ಹಾಲ ಬೇಕಾಗಿತ್ತೇನ್ರಿ?” ಎಂದಳು ಪದ್ಮವ್ವ.

“ಹೂಂ,” ಎಂದ. “ಸ್ವಲ್ಪ.”

ಅವಳು ಮುಚ್ಚಳ ತೆಗೆದು, ಲೋಟಕ್ಕೆ ಹಾಲು ಬಗ್ಗಿಸಿ ಕೊಟ್ಟು, ಮತ್ತೆ ಮುಚ್ಚಿದಳು. ಕಾಸಿದ ಹಾಲು, ಹೊಗೆಯ ವಾಸನೆಯದು. ಕುಡಿಯುತ್ತ ಮೇಲೆ ನೋಡಿದ. ಹಸಿರು ದುಪಟ್ಟಾ ನೆತ್ತಿಯ ಆಚೆ ಇಳಿಯಿತು. ಮೊದಲು ಸೊಂಟದ ತನಕ, ನಂತರ ಹೆಗಲು, ನಂತರ ತಲೆ. ಗುಡ್ಡದ ಮೇಲೆ ಕಬ್ಬಿಣದ ಕಂಬವೊಂದು ಉಳಿಯಿತು.

ಜಕ್ಕಪ್ಪ ಚಿಹ್ನೆಯ ಮಾತು ತೆಗೆದಿದ್ದ. ಪಕ್ಷೇತರರಿಗೆ ಚಿಹ್ನೆ ಏನು ಸಿಗುತ್ತದೋ. ತಾಟೇ ಸಿಕ್ಕರೆ ಮಂದಿಗೆ ನೆನಪಿಡಲು ಸಲೀಸು ಎಂದ. ನೋಡೋಣ ಎಂದ ಗುರುಸಿದ್ದ.

ಇಂದ್ರವ್ವ ಆಗಲೇ ತನ್ನ ಪಾಲಿನದನ್ನು ಬಳಕೆಗೆ ತಂದಿದ್ದಳು. ಅಂಚು ಗಿಡ್ಡ, ಮನುಷ್ಯರಿಗೆ ಇದರಲ್ಲಿ ಸಾರು ನಿಲ್ಲುವುದಿಲ್ಲ ಎಂದು ಪದ್ಮವ್ವನಿಗೆ ಹೇಳುತ್ತ, ಅವಳ ಮನೆಯ ಅಂಬಲಿಯನ್ನೇ ಒಂದಿಷ್ಟು ಹಾಕಿಸಿಕೊಂಡು ನಾಯಿಯ ಮುಂದೆ ಇಟ್ಟಳು. ನಾಯಿ ಅವಸರ ಮಾಡಲಿಲ್ಲ. ಅಂಚಿನಿಂದ ಶುರುಮಾಡಿ ಸುತ್ತ ನೆಕ್ಕಿತು. ಅಂಬಲಿ ತೆಳ್ಳಗಾದ ಹಾಗೆ ತಳದಲ್ಲಿ ಅಕ್ಷರಗಳು ಮೂಡಿದವು. ಮೊದಲು ಗು, ನಂತರ ಉಳಿದದ್ದು. ಅಳಿಸದ ಮಾರ್ಕರ್, ನಾಯಿ ನೆಕ್ಕಿದಷ್ಟೂ ಹೆಸರು ನಿಚ್ಚಳವಾಯಿತು. ಕೊನೆಗೆ ನಂಬರೂ ಅಷ್ಟೂ ಅಂಕಿಗಳೊಂದಿಗೆ ಹೊರಬಂತು. ತಾಟು ತೊಳೆದಿಟ್ಟ ಹಾಗೆ ಹೊಳೆಯಿತು.

ನಾಯಿ ಮೂತಿ ಎತ್ತಿ ಅವನನ್ನು ನೋಡಿತು. ಇನ್ನೇನೂ ಬರುವುದಿಲ್ಲವೆಂದು ತಿಳಿದು ಬೇರೆ ಕಡೆ ಹೋಯಿತು.

ಕಳೆದದ್ದು ಡಿಸ್ಕ್ ಹನ್ನೆರಡು. ಜೊತೆಗೆ ಆಡಲು ಬಂದವರು ಒಬ್ಬರು.